ಓದಿ ಹೇಳಬೇಕಿದ್ದ ನಿಯಮಗಳು

ಸ್ನಾತಕೋತ್ತರ ತರಗತಿಯಲ್ಲಿ ದತ್ತಾಂಶ ವರ್ಗೀಕರಣವನ್ನು ಕಲಿಸಿದ ನಮ್ಮ ಪ್ರಾಧ್ಯಾಪಕರು, ವ್ಯವಸ್ಥೆಯೊಂದು ನೂರಕ್ಕೆ ಎಷ್ಟು ಸರಿಯುತ್ತರ ಕೊಟ್ಟಿತೆಂದು ವಿಚಾರಿಸುವ ಮೊದಲು ಅದರ ನಿಯಮಗಳನ್ನು ಕೇಳುತ್ತಿದ್ದರು. ಪ್ರಯೋಗಾಲಯದಲ್ಲಿ ಪ್ರತಿಯೊಬ್ಬರೂ ತಾವು ಕಟ್ಟಿದ ಫಜಿ ನಿಯಮಗಳನ್ನು, ಅಂದರೆ ಕಿರಿದು, ಹಿರಿದು ಎಂಬಂಥ ಖಚಿತ ಗಡಿಯಿಲ್ಲದ ಪದಗಳಲ್ಲಿ ಹೇಳಿದ ‘ಹೀಗಿದ್ದರೆ ಹೀಗೆ’ ಎಂಬ ಸಾಲುಗಳನ್ನು, ಎದ್ದು ನಿಂತು ಓದಬೇಕಿತ್ತು. ಕೇಳಿದವರಿಗೆ ಅರ್ಥವಾಗದ ನಿಯಮ ಅಲ್ಲಿಗೇ ಬಿದ್ದುಹೋಗುತ್ತಿತ್ತು.

ಲಾಟ್ಫಿ ಝಾದೆ 1965ರಲ್ಲಿ ಫಜಿ ಗಣಗಳ ಪ್ರಬಂಧವನ್ನು ಪ್ರಕಟಿಸಿದರೆಂದೂ, ಒಂದು ವಸ್ತು ಗಣವೊಂದಕ್ಕೆ 0ಯಿಂದ 1ರವರೆಗಿನ ಯಾವುದೇ ಪ್ರಮಾಣದಲ್ಲಿ ಸೇರಿರಬಹುದೆಂದೂ ಬೇಗನೆ ಹೇಳಿ ಮುಗಿಸಿ, ಪ್ರಾಧ್ಯಾಪಕರು ನಮ್ಮನ್ನು ನೇರವಾಗಿ ಐರಿಸ್ ಹೂಗಳ ಅಳತೆಗಳ ಮುಂದೆ ಕೂರಿಸಿದರು. ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರ 1936ರ ಲೇಖನದಿಂದ ಪ್ರಸಿದ್ಧವಾದ ಆ ದತ್ತಾಂಶದಲ್ಲಿ ಮೂರು ಪ್ರಭೇದಗಳ 150 ಹೂಗಳಿದ್ದು, ಪ್ರತಿ ಹೂವಿಗೂ ಪುಷ್ಪಪತ್ರ ಮತ್ತು ದಳಗಳ ಉದ್ದ, ಅಗಲ ಎಂಬ ನಾಲ್ಕು ಅಳತೆಗಳಿವೆ. ಪ್ರತಿ ಅಳತೆಯನ್ನೂ ಅಕ್ಕಪಕ್ಕದಲ್ಲಿ ಒಂದರೊಳಗೊಂದು ಚಾಚಿಕೊಂಡ ತ್ರಿಕೋನಗಳಿಂದ (ಸೇರುವ ಪ್ರಮಾಣ ತುದಿಯಲ್ಲಿ 1, ಬುಡದ ಅಂಚಿನಲ್ಲಿ 0) ಕಿರಿದು, ಮಧ್ಯಮ, ಹಿರಿದು ಎಂದು ವಿಂಗಡಿಸಿ, ನಾಲ್ಕು ಅಳತೆಗಳ ಪ್ರತಿ ಜೋಡಣೆಗೂ ಒಂದು ನಿಯಮ ಬರೆದರೆ 81 ನಿಯಮಗಳಾಗುತ್ತವೆ. ತರಬೇತಿಯ ಹೂಗಳಲ್ಲಿ ಯಾವ ಪ್ರಭೇದದವು ನಿಯಮದ ಷರತ್ತಿಗೆ ಒಟ್ಟಾರೆ ಹೆಚ್ಚು ಹೊಂದುತ್ತವೆಯೋ ಆ ಪ್ರಭೇದವೇ ನಿಯಮದ ತೀರ್ಮಾನ. ಉಳಿದವುಗಳಿಗಿಂತ ಅದು ಎಷ್ಟು ಮುಂದಿದೆ ಎಂಬುದು ನಿಯಮದ ತೂಕ.

ಮೂರು ಪ್ರಭೇದಗಳಲ್ಲಿ ಸೆಟೋಸಾಕ್ಕೆ ಹೆಚ್ಚು ಶ್ರಮ ಬೇಕಿರಲಿಲ್ಲ. ದಳದ ಉದ್ದ ಕಿರಿದಾಗಿದ್ದರೆ ಸೆಟೋಸಾ ಎಂಬ ಒಂದೇ ಸಾಲು ಸಾಕಿತ್ತು. ಕಷ್ಟವೆಲ್ಲ ಉಳಿದೆರಡು ಪ್ರಭೇದಗಳಾದ ವರ್ಸಿಕಲರ್ ಮತ್ತು ವರ್ಜಿನಿಕಾಗಳ ನಡುವಿನದು. ದಳದ ಉದ್ದ 4.8 ಸೆಂಟಿಮೀಟರ್ ಇರುವ ಹೂವು ನಮ್ಮ ತ್ರಿಕೋನಗಳ ಪ್ರಕಾರ ಮಧ್ಯಮಕ್ಕೆ 0.71ರಷ್ಟು, ಹಿರಿದಕ್ಕೆ 0.29ರಷ್ಟು ಸೇರುತ್ತದೆ. ಆದರೆ ದಳದ ಉದ್ದ 4.8, ಅಗಲ 1.8 ಇರುವ ಹೂಗಳು ಎರಡೂ ಪ್ರಭೇದಗಳಲ್ಲಿವೆ. ಅಂಥ ಕಡೆ ಗೆದ್ದ ನಿಯಮವನ್ನಷ್ಟೇ ಬರೆಯದೆ, ಸೋತ ನಿಯಮ ಎಷ್ಟು ಹತ್ತಿರವಿತ್ತೆಂಬುದನ್ನೂ ಬರೆಯಬೇಕೆಂದು ಅವರು ಪಟ್ಟು ಹಿಡಿಯುತ್ತಿದ್ದರು. ಇಡೀ ಪಠ್ಯಕ್ರಮದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಈ ಹಟವೇ ಎಂದು ನಾನು ಭಾವಿಸುತ್ತೇನೆ.

ಅಳತೆಗಳು ಹದಿಮೂರಾದರೆ ಇದೇ ವಿಧಾನದಲ್ಲಿ ನಿಯಮಗಳು 15,94,323 ಆಗುತ್ತವೆ. ಓದಿ ಹೇಳುವವರು ಯಾರು? ಆದ್ದರಿಂದ ಬೇಡದ ಅಳತೆಯನ್ನು ಷರತ್ತಿನಿಂದಲೇ ಕೈಬಿಡುವುದನ್ನೂ, ಉಳಿದ ನಿಯಮಗಳಿಂದ ಕೆಲವನ್ನು ಜೆನೆಟಿಕ್ ಅಲ್ಗಾರಿದಮ್ (ಒಳ್ಳೆಯ ಉತ್ತರಗಳನ್ನು ಬೆರೆಸಿ, ಬದಲಿಸಿ, ಮತ್ತೆ ಮತ್ತೆ ಆಯುವ ವಿಧಾನ) ಮೂಲಕ ಆರಿಸುವುದನ್ನೂ ಕಲಿತೆವು.

ಸಹಪಾಠಿಯೊಬ್ಬರು ತ್ರಿಕೋನಗಳನ್ನೇ ತರಬೇತಿಯಿಂದ ಅತ್ತಿತ್ತ ಸರಿಸಿ ನಮ್ಮೆಲ್ಲರಿಗಿಂತ ಹೆಚ್ಚು ಸರಿಯುತ್ತರ ಪಡೆದಿದ್ದರು. ಅವರ ಮಧ್ಯಮ ಎಂಬ ತ್ರಿಕೋನದ ತುದಿ ಹಿರಿದು ಎಂಬುದರ ತುದಿಯನ್ನೂ ದಾಟಿ ಬಲಕ್ಕೆ ಹೋಗಿರುವುದನ್ನು ಕಂಡ ಪ್ರಾಧ್ಯಾಪಕರು, ಆ ಫಲಿತಾಂಶವನ್ನು ದಾಖಲೆ ಪುಸ್ತಕದಲ್ಲಿ ಬರೆಯಲು ಅನುಮತಿಸಲಿಲ್ಲ.