ಅಮ್ಮ ಮುಟ್ಟಿ ನೋಡಿದ ಇಟ್ಟಿಗೆ

ಹೋದ ಏಪ್ರಿಲ್‌ನಲ್ಲಿ ಅಮ್ಮ ತೀರ್ಥಹಳ್ಳಿಯಿಂದ ಇಲ್ಲಿಗೆ, ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾಕ್ಕೆ ಬಂದಿದ್ದಳು. ಒಂದು ಸಂಜೆ ಓಗ್ಲ್‌ಥಾರ್ಪ್ ಅವೆನ್ಯೂನಲ್ಲಿ ನಡೆಯುತ್ತಿದ್ದೆವು. ಹಳೇ ಸ್ಮಶಾನದ ಎದುರಿನ ಸಾಲುಮನೆಗಳ ಹತ್ತಿರ ಅಮ್ಮ ನಿಂತುಬಿಟ್ಟಳು. ಗೋಡೆಯ ಮೇಲೆ ಅಂಗೈ ಇಟ್ಟಳು. "ಇದೇನೇ, ಇಟ್ಟಿಗೆ ಇಷ್ಟು ದಪ್ಪ?"

ಇಲ್ಲಿಯವರು ಅದನ್ನು ಸವಾನಾ ಗ್ರೇ ಅಂತಾರೆ. ನದಿ ಪಕ್ಕದ ಹರ್ಮಿಟೇಜ್ ಅನ್ನುವ ಎಸ್ಟೇಟಿನಲ್ಲಿ ಗುಲಾಮರಿಂದ ಮಾಡಿಸಿದ ಇಟ್ಟಿಗೆ. ಕೈಯಲ್ಲೇ ಅಚ್ಚು ಹಾಕಿದ್ದು. ಒಂದರ ಹಾಗೆ ಇನ್ನೊಂದಿಲ್ಲ. ಬಣ್ಣ ಬೂದಿ, ಆದರೆ ಇಳಿಬಿಸಿಲಲ್ಲಿ ಸ್ವಲ್ಪ ಕೆಂಪು ಕಾಣುತ್ತೆ. 1950ರ ದಶಕದಲ್ಲಿ ಮನೆಗಿಂತ ಈ ಇಟ್ಟಿಗೆಗೇ ಗಿರಾಕಿ ಜಾಸ್ತಿ ಇತ್ತು. ಮನೆ ಕೊಂಡು, ಕೆಡವಿ, ಇಟ್ಟಿಗೆ ಮಾರಿಬಿಡುತ್ತಿದ್ದರು. ಮಾರ್ಷಲ್ ರೋ ಅನ್ನುವ ಈ ಸಾಲೂ ಹಾಗೇ ಹೋಗುವುದರಲ್ಲಿತ್ತು. ಹಳೇ ಮನೆಗಳನ್ನು ಉಳಿಸಲು ಹೊರಟ ಇದೇ ಊರಿನ ಲೀ ಆಡ್ಲರ್ ಮತ್ತು ಜೊತೆಗಾರರು ಕೊಂಡು ಉಳಿಸಿದರು.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಬ್ಬರಿಗೂ ಒಂದೇ ನೆನಪು. ಅಜ್ಜನ ತೊಟ್ಟಿಮನೆ ನಾಲ್ಕು ಪಾಲಾದಾಗ ಮನೆಗೆ ಯಾರೂ ಬೆಲೆ ಕಟ್ಟಲಿಲ್ಲ, ಕಂಬಗಳಿಗೆ ಕಟ್ಟಿದರು. ಹಳೇ ಮರದ ವ್ಯಾಪಾರಿಯೊಬ್ಬರು ಬಂದು ಎಂಟು ಹಲಸಿನ ಕಂಬ, ಹೆಬ್ಬಾಗಿಲು ಬಿಚ್ಚಿ ಲಾರಿಗೆ ಹಾಕಿಸಿದರು. ನನಗಾಗ ಹದಿನಾರು. ಕಂಬದಡಿಯ ಕಲ್ಲುಗಳು ಮಾತ್ರ ತೊಟ್ಟಿಯ ಸುತ್ತ ಉಳಿದವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣಿನ ಗೋಡೆಯೂ ಕುಸಿಯಿತು.

ಇಲ್ಲೂ ಹೊಡೆತ ಬಿದ್ದ ಮೇಲೇ ಊರು ಎದ್ದಿದ್ದು. 1954ರಲ್ಲಿ ಎಲ್ಲಿಸ್ ಸ್ಕ್ವೇರ್‌ನ ಸಿಟಿ ಮಾರ್ಕೆಟ್ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಿದರು. ಮರುವರ್ಷ 1820ರ ಡೇವನ್‌ಪೋರ್ಟ್ ಮನೆಯ ಸರದಿ. ಅದೂ ಪಾರ್ಕಿಂಗ್ ಜಾಗಕ್ಕೇ. ಏಳು ಹೆಂಗಸರು ಸೇರಿ 22,500 ಡಾಲರ್ ಎತ್ತಿ ಮನೆ ಕೊಂಡರು. ಹಿಸ್ಟಾರಿಕ್ ಸವಾನಾ ಫೌಂಡೇಶನ್ ಹುಟ್ಟಿದ್ದು ಹಾಗೆ.

ಆದರೆ ಪ್ರತಿ ಮನೆಯನ್ನೂ ಕೊಂಡು ಮ್ಯೂಸಿಯಂ ಮಾಡುತ್ತಾ ಹೋಗಲು ಆಗುತ್ತಾ? ಅದಕ್ಕೇ ಅವರು ದುಡ್ಡನ್ನು ತಿರುಗಲು ಬಿಟ್ಟರು. ಪಕ್ಕದ ರಾಜ್ಯದ ಚಾರ್ಲ್ಸ್‌ಟನ್‌ನಲ್ಲಿ ಇದು ಆಗಲೇ ಶುರುವಾಗಿತ್ತು. ಬೀಳುವ ಹಾಗಿರುವ ಮನೆಯನ್ನು ಸಂಸ್ಥೆ ಕೊಳ್ಳುತ್ತೆ. ಅಷ್ಟು ದುಡ್ಡಿಲ್ಲದಿದ್ದರೆ ಮುಂಗಡ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು, ಕೆಲವು ತಿಂಗಳು ಬೇರೆಯವರ ಕೈಗೆ ಹೋಗದಂತೆ ತಡೆಯುತ್ತೆ. ರಿಪೇರಿ ಮಾಡಿಸಿ ವಾಸ ಮಾಡುವವರನ್ನು ಹುಡುಕಿ ಮಾರುತ್ತೆ. ಬಂದ ಹಣದಲ್ಲಿ ಮುಂದಿನ ಮನೆ.

"ನಮ್ಮ ಸ್ತ್ರೀಶಕ್ತಿ ಸಂಘದ ಸುತ್ತುನಿಧಿ ಕಣೇ ಇದು!" ಅಂದಳು ಅಮ್ಮ. ನಾನು ವರ್ಷಗಟ್ಟಲೆ ಓದಿದ್ದು ಅವಳಿಗೆ ಅರ್ಧ ನಿಮಿಷದಲ್ಲಿ ಹೊಳೆಯಿತು.

ನನ್ನ ಪ್ರಕಾರ ದುಡ್ಡಿಗಿಂತ ದೊಡ್ಡದು ಕ್ರಯಪತ್ರದ ಷರತ್ತು. ಇಷ್ಟು ದಿನದೊಳಗೆ ರಿಪೇರಿ ಶುರುಮಾಡಬೇಕು, ಕೆಡವಬಾರದು, ಹೊರಗಿನ ರೂಪ ಬದಲಿಸಬೇಕಾದರೆ ಸಂಸ್ಥೆಯನ್ನು ಕೇಳಬೇಕು. ಈಸ್‌ಮೆಂಟ್ ಅಂತಾರೆ. ಅದು ಕೊಂಡವರ ಮಾತಿನ ಮೇಲೆ ನಿಂತಿಲ್ಲ, ಜಾಗಕ್ಕೇ ಅಂಟಿಕೊಂಡಿರುತ್ತೆ. ಮಗ ಮಾರಲಿ, ಮೊಮ್ಮಗ ಮಾರಲಿ, ಷರತ್ತೂ ಜೊತೆಗೇ ಹೋಗುತ್ತೆ. ಒಂದು ಮನೆಯಲ್ಲಿ ಸಂಸ್ಥೆಗೆ ಸ್ವಲ್ಪ ನಷ್ಟವಾದರೂ ಈ ಕಾಗದ ಉಳಿಯುತ್ತೆ. ಹೀಗೆ ಈ ಊರಲ್ಲಿ 400ಕ್ಕೂ ಜಾಸ್ತಿ ಕಟ್ಟಡ ಉಳಿದಿವೆ.

ಎಲ್ಲರಿಗೂ ಒಳ್ಳೆಯದಾಯಿತು ಅಂತ ಹೇಳಲಾರೆ. ಮನೆ ಚೆಂದವಾದಂತೆ ಬಾಡಿಗೆಯೂ ಏರಿತು. ಬಾಡಿಗೆಗಿದ್ದ ಬಡವರು, ಅದರಲ್ಲೂ ಕಪ್ಪು ಜನ, ಬಿಟ್ಟು ಹೋಗಬೇಕಾಯಿತು. ಆಡ್ಲರ್ ಅವರೇ 1974ರಲ್ಲಿ ಇನ್ನೊಂದು ಸಂಸ್ಥೆ ಕಟ್ಟಿ, ವಿಕ್ಟೋರಿಯನ್ ಡಿಸ್ಟ್ರಿಕ್ಟ್‌ನಲ್ಲಿ ಮನೆ ರಿಪೇರಿ ಮಾಡಿಸಿ ಕಡಿಮೆ ಆದಾಯದವರಿಗೇ ಬಾಡಿಗೆಗೆ ಕೊಡಿಸಲು ಹೊರಟರು. ನನಗೆ ಆ ಕೆಲಸದ ಮೇಲೆ ಇನ್ನೂ ಜಾಸ್ತಿ ಗೌರವ. ಗೋಡೆ ಉಳಿದು ಜನ ಹೋದರೆ ಅದು ಅದೇ ಮನೆ ಅಲ್ವಲ್ಲ.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಗಿತ್ತು. ಮೊನ್ನೆ ಫೋನ್ ಮಾಡಿದಳು. ನಮ್ಮ ಕೇರಿಯ ಕೊನೆಯ ತೊಟ್ಟಿಮನೆಯವರೂ ಮಾರುವ ಯೋಚನೆಯಲ್ಲಿದ್ದಾರಂತೆ. ಕಂಬ ನೋಡಲು ಯಾರೋ ಬಂದು ಹೋದರಂತೆ.

"ಮುಂಗಡ ಎಷ್ಟು ಕೊಟ್ರೆ ಆರು ತಿಂಗಳು ತಡೀತಾರೇನೇ?" ಅಂತ ಕೇಳಿದಳು. ಸಂಘದವರ ಹತ್ತಿರ ಆಗಲೇ ಮಾತಾಡಿದ್ದಾಳೆ.