ಒಬಾಮ ಪಾಸ್‌ಪೋರ್ಟ್ ವಿಷಯ ನನ್ನನ್ನು ಕೇಳಬೇಡಿ

ನಾನು ನ್ಯೂಜೆರ್ಸಿಯಲ್ಲಿ ಒಬ್ಬ ಇಮಿಗ್ರೇಷನ್ ವಕೀಲರ ಆಫೀಸಿನಲ್ಲಿ ಫಾರ್ಮ್ ತುಂಬುತ್ತೇನೆ. ವಕೀಲೆ ಅಲ್ಲ. ಆದರೂ ಯಾರ ಮನೆಗೆ ಊಟಕ್ಕೆ ಹೋದರೂ, ತಟ್ಟೆಗೆ ಬಿಸಿಬೇಳೆಬಾತ್ ಬೀಳುವ ಮೊದಲೇ ಯಾರಾದರೊಬ್ಬರು ಪಕ್ಕಕ್ಕೆ ಬಂದು ನಿಲ್ಲುತ್ತಾರೆ. "1981ರಲ್ಲಿ ಅಮೆರಿಕದವರು ಪಾಕಿಸ್ತಾನಕ್ಕೆ ಹೋಗೋ ಹಾಗೇ ಇರ್ಲಿಲ್ಲವಂತೆ. ಒಬಾಮ ಹೋಗಿದ್ದನಂತೆ. ಅವನ ಹತ್ರ ಇಂಡೋನೇಷ್ಯಾ ಪಾಸ್‌ಪೋರ್ಟ್ ಇತ್ತಂತೆ. ಅಲ್ವಾ?"

ಮೂರು 'ಅಂತೆ' ಸೇರಿಸಿ ಒಂದು 'ಅಲ್ವಾ'. ಒಬಾಮ ಅಮೆರಿಕದಲ್ಲಿ ಹುಟ್ಟೇ ಇಲ್ಲ, ಅಲ್ಲಿಯ ಪ್ರಜೆಯೇ ಅಲ್ಲ, ಹಾಗಾಗಿ ಅಧ್ಯಕ್ಷರಾಗಿದ್ದೇ ತಪ್ಪು ಅನ್ನೋದು ಇದರ ತಾತ್ಪರ್ಯ. ಒಬಾಮ 2017ರಲ್ಲಿ ಅಧಿಕಾರ ಬಿಟ್ಟು ಹೋದರು, ಈ ಪ್ರಶ್ನೆ ಮಾತ್ರ ಹೋಗಿಲ್ಲ.

ಸರಿ, ಬರೆದೇ ಬಿಡುತ್ತೇನೆ, ಇನ್ನು ಮೇಲೆ ಲಿಂಕ್ ಕಳಿಸಿ ಊಟ ಮಾಡ್ತೀನಿ. ಪಾಕಿಸ್ತಾನಕ್ಕೆ ಹೋಗಿದ್ದು ನಿಜ. ಆಗ ಅವರು ಕಾಲೇಜು ಹುಡುಗ, ಪಾಕಿಸ್ತಾನದ ಸ್ನೇಹಿತರಿದ್ದರು. ಈ ಪ್ರವಾಸದ ಮಾತು ತೆಗೆದವರೂ ಅವರೇ, 2008ರ ಚುನಾವಣೆಯ ಹೊತ್ತಿನಲ್ಲಿ. ನಿಷೇಧ ಅನ್ನೋದೇ ಸುಳ್ಳು. ಅದೇ 1981ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಲಾಹೋರ್ ಬಗ್ಗೆ ಪ್ರವಾಸ ಲೇಖನ ಹಾಕಿತ್ತು. ಹೋಗಲಾಗದ ಊರಿನ ಬಗ್ಗೆ ಯಾರಾದರೂ ಪ್ರವಾಸ ಲೇಖನ ಬರೀತಾರಾ? ಇನ್ನು ಹುಟ್ಟಿದ್ದು 1961ರ ಆಗಸ್ಟ್ 4, ಅಮೆರಿಕದ್ದೇ ಆದ ಹವಾಯಿಯ ಹೊನೊಲುಲು. ಅದೇ ತಿಂಗಳು ಅಲ್ಲಿಯ ಎರಡು ಪತ್ರಿಕೆಗಳಲ್ಲಿ ಜನನದ ಸುದ್ದಿ ಬಂದಿದೆ. 2008ರಲ್ಲಿ ಚಿಕ್ಕ ಜನನ ಪ್ರಮಾಣಪತ್ರ ತೋರಿಸಿದರು, ಸಾಲದು ಅಂದರು. 2011ರ ಏಪ್ರಿಲ್‌ನಲ್ಲಿ ದೊಡ್ಡದು ತೋರಿಸಿದರು, ಅದು ನಕಲಿ ಅಂದರು.

ಕಳೆದ ಯುಗಾದಿಗೆ ಒಬ್ಬ ಅಂಕಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೈಸೂರಿನಿಂದ ಮಗನ ಮನೆಗೆ ಬಂದವರು, ರಿಟೈರ್ಡ್, ಕೈಯಲ್ಲಿ ಫೋನು, ಬೇಕಾದಷ್ಟು ಟೈಮು. ಜಕಾರ್ತದಲ್ಲಿ ಒಬಾಮ ಓದಿದ ಶಾಲೆಯ ರಿಜಿಸ್ಟರಿನ ಫೋಟೋ ತೋರಿಸಿದರು. ಹುಡುಗನಿಗೆ ಆರು ವರ್ಷ ಇದ್ದಾಗ ತಾಯಿ ಮಲತಂದೆ ಇದ್ದ ಇಂಡೋನೇಷ್ಯಾಕ್ಕೆ ಕರೆದುಕೊಂಡು ಹೋಗಿದ್ದರು, ಅಲ್ಲಿ ಸೇರಿಸಿದ ಶಾಲೆ ಅದು. "ನೋಡಮ್ಮಾ, ಪೌರತ್ವ ಇಂಡೋನೇಷ್ಯಾ ಅಂತ ಇದೆ. ಅವರ ಸ್ಕೂಲೇ ಬರೆದಿರೋದು."

"ಅಂಕಲ್, ಅದೇ ಹಾಳೆಯಲ್ಲಿ ಹುಟ್ಟಿದ ಊರು ಹೊನೊಲುಲು ಅಂತಾನೂ ಇದೆ."

"ಅದು ಸುಮ್ನೆ ಬರೆಸಿರ್ತಾರೆ ಬಿಡು."

ಒಂದೇ ಹಾಳೆ. ಅವರಿಗೆ ಬೇಕಾದ ಸಾಲು ವೇದವಾಕ್ಯ, ಬೇಡದ ಸಾಲು ಸುಮ್ನೆ ಬರೆಸಿದ್ದು! ಕಾನೂನು ಹೇಳೋಣ ಅಂತ ಹೋದೆ. ಅಮೆರಿಕದಲ್ಲಿ ಹುಟ್ಟಿದ ಹುಡುಗಿಯೊಬ್ಬಳನ್ನು ತಾಯಿ ಚಿಕ್ಕಂದಿನಲ್ಲೇ ಸ್ವೀಡನ್‌ಗೆ ಕರೆದುಕೊಂಡು ಹೋಗಿದ್ದರು. ದೊಡ್ಡವಳಾಗಿ ವಾಪಸ್ ಬಂದು ಕೆಲವು ವರ್ಷದ ಮೇಲೆ ಅವಳು ಅಮೆರಿಕದ ಪ್ರಜೆಯೇ ಅಲ್ಲ ಅಂದರು. 1939ರಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು, ದೊಡ್ಡವರು ಮಾಡಿದ್ದಕ್ಕೆ ಮಗುವಿನ ಪೌರತ್ವ ಹೋಗೋದಿಲ್ಲ ಅಂತ. ಅಂಕಲ್ ಅಷ್ಟರಲ್ಲಿ ಒಬ್ಬಟ್ಟಿನ ಕಡೆ ಹೊರಟಿದ್ದರು.

ಯಾರೂ ಕೇಳದ ಪ್ರಶ್ನೆಗಳೂ ಇವೆ. 2008ರಲ್ಲಿ ಒಬಾಮ ಎದುರು ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಜಾನ್ ಮೆಕೇನ್ ಹುಟ್ಟಿದ್ದು ಪನಾಮಾ ಕಾಲುವೆ ವಲಯದಲ್ಲಿ. ಅದೇ ವರ್ಷ ಸೆನೆಟ್ ತಾನಾಗೇ ಒಂದು ಠರಾವು ಪಾಸು ಮಾಡಿ ಪರವಾಗಿಲ್ಲ ಅಂದಿತು. ಮುಂದೆ ಅಧ್ಯಕ್ಷರಾಗಲು ಹೊರಟ ಟೆಡ್ ಕ್ರೂಸ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ಆ ದೇಶದ ಪೌರತ್ವ ಬಿಟ್ಟಿದ್ದು 2014ರಲ್ಲಿ. ಇವರ ಪಾಸ್‌ಪೋರ್ಟ್ ಬಗ್ಗೆ ಊಟದ ಮನೆಯಲ್ಲಿ ನನ್ನನ್ನು ಒಬ್ಬರಾದರೂ ಕೇಳಲಿ ನೋಡೋಣ. ಯಾಕೆ ಕೇಳಲ್ಲ ಅಂತ ನಾನು ಹೇಳಬೇಕಾ?

ನನ್ನನ್ನಾದರೂ ಕೇಳಿ. ನಾನು ಇಲ್ಲಿಯ ಪ್ರಜೆಯಾಗಲು ಅರ್ಜಿ ಹಾಕಿದಾಗ, ಹಿಂದಿನ ಐದು ವರ್ಷದಲ್ಲಿ ದೇಶದ ಹೊರಗೆ ಒಂದು ದಿನಕ್ಕಿಂತ ಜಾಸ್ತಿ ಇದ್ದ ಪ್ರತಿ ಪ್ರವಾಸವನ್ನೂ ತಾರೀಖಿನ ಸಮೇತ ಬರೆಯಬೇಕಿತ್ತು. ದಿನವಿಡೀ ಬೇರೆಯವರಿಗೆ ಅದೇ ಫಾರ್ಮ್ ತುಂಬುವವಳು ನಾನು. ನಯಾಗರ ನೋಡೋಕೆ ಕೆನಡಾ ಕಡೆ ಹೋಗಿ ಎರಡು ರಾತ್ರಿ ಇದ್ದದ್ದೇ ಮರೆತಿದ್ದೆ. ಸಂದರ್ಶನದ ಹಿಂದಿನ ರಾತ್ರಿ ನೆನಪಾಗಿ ನಿದ್ದೆ ಬರಲಿಲ್ಲ. ಇನ್ನು ಹುಟ್ಟಿದ ದಿನ: ಅಮ್ಮನ ಪ್ರಕಾರ ಭೀಮನ ಅಮಾವಾಸ್ಯೆಯ ಮಾರನೇ ದಿನ. ಎಸ್ಸೆಲ್ಸಿ ಕಾರ್ಡಿನಲ್ಲಿ ಜೂನ್ 1. ವಯಸ್ಸು ಸರಿಹೋಗಲಿ ಅಂತ ಹೆಡ್‌ಮಾಸ್ಟರು ಬರೆದದ್ದು.

ಆವತ್ತು ಕೈ ತೊಳೆಯುವಾಗ ಅಂಕಲ್ ಮತ್ತೆ ಸಿಕ್ಕರು. "ನಿಮ್ಮ ಹುಟ್ಟಿದಬ್ಬ ಯಾವಾಗ ಅಂಕಲ್?" ಅಂದೆ.

"ಯಾವುದು, ಸ್ಕೂಲಿಂದಾ ನಿಜವಾದ್ದಾ?" ಅಂದರು.