ಜೀಪಿನ ಫ್ಯಾನು, ಗಾಳಿ ಪೈಪು ಮತ್ತು ನಮ್ಮ ಮಳೆ

ತೀರ್ಥಹಳ್ಳಿ ಕಡೆ ಹಳೇ ಡೀಸೆಲ್ ಜೀಪು ಇಟ್ಟುಕೊಂಡವರಿಗೆ ಎರಡು ಚಿಂತೆ. ಬೇಸಿಗೆಯಲ್ಲಿ ಆಗುಂಬೆ ಘಾಟಿ ಹತ್ತುವಾಗ ಇಂಜಿನ್ ಕಾಯುತ್ತದೆ. ಮಳೆಗಾಲದಲ್ಲಿ ತೋಟದ ಹಳ್ಳ ದಾಟುವಾಗ ಇಂಜಿನ್ ಒಳಗೆ ನೀರು ಹೋಗುವ ಭಯ. ಅಡಿಕೆ ಕೆಲಸ ಮುಗಿದು ಅಂಗಳ ಖಾಲಿಯಾದ ಮೇಲೆ ಒಂದು ಭಾನುವಾರ ನಾನೂ ಚಿಕ್ಕಪ್ಪನೂ ಸ್ಪ್ಯಾನರ್ ಹಿಡಿದು ಕೂತೆವು.

ಇಂಜಿನ್ನಿನ ಬಿಸಿ ನೀರು ಆರಿಸುವ ರೇಡಿಯೇಟರಿಗೆ ಗಾಳಿ ಎಳೆಯುವ ಬೆಲ್ಟ್ ಫ್ಯಾನು ಇಂಜಿನ್ನಿನ ಓಟಕ್ಕೆ ತಕ್ಕಂತೆ ತಿರುಗುತ್ತದೆ. ತಂಪು ಬೇಡದಾಗಲೂ ತಿರುಗಿ ಶಕ್ತಿ ತಿನ್ನುತ್ತದೆ, ಹಳ್ಳದಲ್ಲಿ ನೀರನ್ನು ಬಾಚಿ ಇಂಜಿನ್ ಮೇಲೆ ಎರಚುತ್ತದೆ. ಅದನ್ನು ಬಿಚ್ಚಿ, ಶಿವಮೊಗ್ಗದ ಗುಜರಿಯಲ್ಲಿ ಸಿಕ್ಕ ಕಾರಿನ ಎಲೆಕ್ಟ್ರಿಕ್ ಫ್ಯಾನು ಕೂರಿಸಿದೆವು. ಬೆಲ್ಟ್ ಮಾತ್ರ ಹಾಗೇ ಇರಬೇಕು, ವಾಟರ್ ಪಂಪ್ ಓಡುವುದು ಅದರಿಂದಲೇ. ವೈರಿಂಗಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚು), ಫ್ಯೂಸ್ ಬೇಕೇ ಬೇಕು. ಇಂಥ ಫ್ಯಾನು ಜಾಸ್ತಿ ಕರೆಂಟ್ ಎಳೆಯುತ್ತದೆ, ನೇರ ಸ್ವಿಚ್ಚಿಗೆ ಕೊಟ್ಟರೆ ಸ್ವಿಚ್ಚೇ ಕರಗೀತು.

ಫ್ಯಾನಿಗಿಂತ ಮುಖ್ಯ ಅದರ ಸುತ್ತಲಿನ ಕವಚ. ಫ್ಯಾನು ಚಾಲೂ ಮಾಡಿ ರೇಡಿಯೇಟರ್ ಮುಂದೆ ಒಂದು ದಿನಪತ್ರಿಕೆ ಹಿಡಿದೆ. ನಡುವೆ ಗಟ್ಟಿಯಾಗಿ ಅಂಟಿಕೊಂಡಿತು, ನಾಲ್ಕೂ ಮೂಲೆ ಪಟಪಟ ಹಾರುತ್ತಿದ್ದವು. ಅಂದರೆ ಮೂಲೆಗಳಲ್ಲಿ ಗಾಳಿ ಎಳೆಯುತ್ತಲೇ ಇಲ್ಲ ಅಂತಾಯ್ತು, ಅಲ್ವಾ? ಜಿಂಕ್ ತಗಡು ಕತ್ತರಿಸಿ, ರೇಡಿಯೇಟರ್ ಅಂಚಿನಿಂದ ಫ್ಯಾನಿನವರೆಗೆ ಮುಚ್ಚಿ, ಸಂದಿಗಳಿಗೆ ರಬ್ಬರ್ ಪಟ್ಟಿ ಒತ್ತಿದೆವು. ಮತ್ತೆ ಪತ್ರಿಕೆ ಹಿಡಿದಾಗ ಮೂಲೆಗಳೂ ಸಪಾಟಾಗಿ ಕೂತವು. ಮಧ್ಯಾಹ್ನದ ಊಟ ತಡವಾದದ್ದು ಇದಕ್ಕೇ, ಆದರೆ ಆ ಹೊತ್ತು ಸಾರ್ಥಕ.

ಇಂಜಿನ್ ಉಸಿರೆಳೆಯುವ ಗಾಳಿ ಪೈಪಿನ ವಿಷಯದಲ್ಲಿ ಚಿಕ್ಕಪ್ಪನಿಗೂ ನನಗೂ ಒಮ್ಮತವಿರಲಿಲ್ಲ.

"ಬಂಪರ್ ಹತ್ರ ಬಾಯಿ ಇಡು ಮಾರಾಯ, ಅಲ್ಲಿ ಗಾಳಿ ತಂಪು."

"ತಂಪು ಹೌದು ಚಿಕ್ಕಪ್ಪ. ಜುಲೈನಲ್ಲಿ ಅಲ್ಲಿ ನೀರೇ ಇರ್ತದಲ್ಲ?"

ಅವರು ಹೇಳಿದ್ದರಲ್ಲೂ ಹುರುಳಿದೆ. 30 ಡಿಗ್ರಿಯ ಗಾಳಿ ಬಾನೆಟ್ ಒಳಗೆ 60 ಡಿಗ್ರಿಗೆ ಕಾದರೆ, ಅಷ್ಟೇ ಜಾಗದಲ್ಲಿ ಹಿಡಿಯುವ ಗಾಳಿ ನೂರಕ್ಕೆ 9ರಷ್ಟು ಕಡಿಮೆಯಾಗುತ್ತದೆ. ಬಾನೆಟ್ ಒಳಗೇ ತೆರೆದ ಫಿಲ್ಟರ್ ಸಿಕ್ಕಿಸುವುದನ್ನು ನಾನು ಒಪ್ಪದಿರುವುದೂ ಇದಕ್ಕೇ. ಸದ್ದು ಜಾಸ್ತಿ, ಎಳೆಯುವುದು ಬಿಸಿ ಗಾಳಿ. ಆದರೆ ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿಗೆ ನೀರು ನುಗ್ಗಿದರೆ ಪಿಸ್ಟನ್ ಮೇಲೇಳಲಾಗದೆ ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಇಡೀ ಇಂಜಿನ್ ಬಿಚ್ಚಬೇಕು.

ಹಾಗಾಗಿ ಪೈಪನ್ನು ಬಾನೆಟ್ ಪಕ್ಕದಿಂದ ಹೊರತೆಗೆದು, ಗಾಜಿನ ಪಕ್ಕದಲ್ಲಿ ಮೇಲೇರಿಸಿ, ಬಾಯಿ ಕೆಳಮುಖ ಮಾಡಿದೆವು. ಒಳಗಡೆ ಬಿಸಿ ತಡೆಯುವ ಲಾರಿಯ ರಬ್ಬರ್ ಹೋಸ್, ಹೊರಗಡೆ ತೋಟದಲ್ಲಿ ಉಳಿದಿದ್ದ ಪಿವಿಸಿ ಪೈಪು. ಪೈಪಿನ ಒಳಅಳತೆ ಫಿಲ್ಟರ್ ಬಾಯಿಗಿಂತ ಸಣ್ಣದಾದರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಅದಕ್ಕೆ ಸ್ವಲ್ಪ ದೊಡ್ಡದನ್ನೇ ಆರಿಸಿದೆ. ಪ್ರತಿ ಜಾಯಿಂಟಿಗೂ ಕ್ಲಾಂಪ್ ಬಿಗಿದೆ. ಒಂದು ಜಾಯಿಂಟ್ ಸಡಿಲವಾದರೂ ನೀರು ಅಲ್ಲಿಂದಲೇ ಒಳಗೆ ಬರುತ್ತದೆ.

ಸಂಜೆ ಸೋಮೇಶ್ವರಕ್ಕೆ ಇಳಿದು, ಸ್ವಲ್ಪ ಹೊತ್ತು ನಿಂತು, 14 ತಿರುವುಗಳ ಘಾಟಿಯನ್ನು ಎರಡನೇ ಗೇರಿನಲ್ಲೇ ಹತ್ತಿಸಿದೆ. ಅರ್ಧ ದಾರಿಗೆ ಇಂಜಿನ್ ಕಾದು ಫ್ಯಾನು ತಾನಾಗೇ ಚಾಲೂ ಆಯಿತು. ಬಿಸಿ ತೋರಿಸುವ ಮೀಟರಿನ ಮುಳ್ಳು ಮುಕ್ಕಾಲು ದಾಟಲಿಲ್ಲ. ಆಗುಂಬೆಯಲ್ಲಿ ಚಿಕ್ಕಪ್ಪ ಬಾನೆಟ್ ಎತ್ತಿ, ಹೋಸುಗಳನ್ನೆಲ್ಲ ಕಣ್ಣಲ್ಲೇ ಪರೀಕ್ಷಿಸಿ, "ನನ್ನ ಗಾಡಿಗೂ ಹೀಗೇ ಮಾಡು, ಬಾಯಿ ಮೇಲೇ ಇರ್ಲಿ" ಅಂದರು. ಮಳೆ ಹಿಡಿಯುವುದರೊಳಗೆ ಅದೂ ಮುಗಿಯಬೇಕು. ತಗಡು ಇನ್ನೂ ಅರ್ಧ ಉಳಿದಿದೆ.